ಉಪ್ಪಿನ ಡಬ್ಬಿ ಪಕ್ಕ ಎರಡು ಬೋಲ್ಟು

ವರ್ಲಿನ್,

ನಮ್ಮ ಕುದುರೆ ಬಿಸ್ಕಿಟ್‌ನ ಹಲ್ಲು ನೋಡೋಕೆ ಪೇಟೆ ದನದ ಡಾಕ್ಟರು ಹತ್ತಕ್ಕೆ ಬರಹೇಳಿದಾರೆ. ಅದನ್ನ ಕರ್ಕೊಂಡು ಹೊರಟೆ. ಒಲೆ ಮೇಲೆ ಕಾಳು ಬೇಯ್ತಿದೆ, ತಳ ಹಿಡಿಸಬೇಡ.

ನಿನ್ನೆ ಪಿಕಪ್‌ಗೆ ಇಳಿಜಾರಲ್ಲಿ ವೇಗ ತಡೆಯೋ ಎಕ್ಸಾಸ್ಟ್ ಬ್ರೇಕ್ ಕೂರಿಸಿ, "ಇನ್ನು ಘಾಟಿ ಇಳಿಯೋದು ನೀರು ಕುಡಿದಷ್ಟು ಸುಲಭ ಕಣೇ" ಅಂತ ಎದೆ ತಟ್ಕೊಂಡೆಯಲ್ಲ, ಆಮೇಲೆ ನಾನು ಗ್ಯಾರೇಜ್ ಗುಡಿಸಿದೆ. ಎರಡು ಬೋಲ್ಟು ಸಿಕ್ಕವು. ಉಪ್ಪಿನ ಡಬ್ಬಿ ಪಕ್ಕ ಇಟ್ಟಿದ್ದೀನಿ. "ಕಂಪನಿಯವರು ಹೆಚ್ಚಿಗೆ ಹಾಕಿರ್ತಾರೆ" ಅನ್ನಬೇಡ. ಹೇಗೆ ಕೂರಿಸಬೇಕು ಅಂತ ಅವರು ಕೊಟ್ಟ ಕಾಗದ ನಾಯಿ ತಟ್ಟೆ ಕೆಳಗಿತ್ತು, ಓದಿದೆ. ಹೆಚ್ಚಿಗೆ ಏನೂ ಹಾಕಿಲ್ಲ.

ಹೋದ ವರ್ಷ ಘಾಟಿಯಲ್ಲಿ ಬ್ರೇಕ್ ಹೊಗೆಯಾಡಿದಾಗ ನೀನು ಕಿರುಚಿದ ಪ್ರಾರ್ಥನೆ ನನಗಿನ್ನೂ ಬಾಯಿಪಾಠ. ಅದಕ್ಕೇ ಬಿಸ್ಕಿಟ್ ಬೆನ್ನೇರಿ ಹೋಗ್ತಿದ್ದೀನಿ, ಒಂಬತ್ತು ಮೈಲಿ. ಪಾಪ, ಹಲ್ಲುನೋವು ಅಂತ ಅದಕ್ಕೆ ಕಡಿವಾಣ ಕೂಡ ಹಾಕಿಲ್ಲ. ಆದರೂ ನಿನ್ನ ಬ್ರೇಕಿಗಿಂತ ಅದನ್ನೇ ನಂಬ್ತೀನಿ.

ಎಲ್ಲ ಬಿಚ್ಚಿ, ಕಾಗದ ಓದ್ಕೊಂಡು ಮತ್ತೆ ಕೂರಿಸು. ಕನ್ನಡಕ ಹಾಕ್ಕೋ. ಹಟ ಮಾಡ್ಕೊಂಡು ಗಾಡಿ ತಗೊಂಡು ನನ್ನ ಹಿಂದೆ ಬರೋಕೆ ನೋಡ್ತೀಯ, ಗೊತ್ತು. ಕೀಲಿ ಹುಡುಕಬೇಡ. ಅದೂ ನನ್ನ ಜೊತೆ ಕುದುರೆ ಹತ್ತಿದೆ.

ಮಾರ್ಲಾ