ಪ್ರಳಯಕ್ಕೆ ಕೊಟ್ಟ ಬಂದೋಬಸ್ತು

ಜಿಲ್ಲೆಯ ಭದ್ರತೆಯನ್ನು ಅಳೆದು ತೂಗುವ ಅಧಿಕಾರಿಗಳೇ,

ಗುಬ್ಬಿ ಹತ್ತಿರದ ತೋಟದ ಷೆಡ್ಡಿನಲ್ಲಿ ಲೋಕ ಮುಳುಗುವುದನ್ನೇ ಕಾಯುತ್ತಾ ಕುಳಿತಿದ್ದ ಜನರಿಂದ "ಯಾವುದೇ ಅಪಾಯವಿಲ್ಲ" ಎಂದು ತಾವು ವರದಿ ಕೊಟ್ಟಿರಿ. ಅವರಲ್ಲೊಬ್ಬಳಾದ ನನ್ನ ತಂಗಿ ಹನುಮಂತಮ್ಮ ಸತ್ತುಹೋದಳು. ಅದಾಗಿ ಎರಡು ವರ್ಷವಾಯಿತು. ಪ್ರಳಯದ ಭವಿಷ್ಯ ಹೇಳಿ ಅವರನ್ನೆಲ್ಲ ಅಲ್ಲಿ ಕೂರಿಸಿದ್ದ ಅದೇ ಅಯ್ಯ ಈಗ ಕುಣಿಗಲ್ ಕಡೆ ಹೊಸ ಷೆಡ್ಡು ಹಾಕಿದ್ದಾನೆ. ತಂಗಿಯ ಗಂಡ ಅಂಜಿನಪ್ಪ, ತಾಯಿ ಹೋದ ಮೇಲೆ ನನ್ನ ಹತ್ತಿರವೇ ಇದ್ದ ಮಗಳು ಸಿದ್ದಲಕ್ಷ್ಮಿಯನ್ನೂ ಕರೆದುಕೊಂಡು ಅಲ್ಲಿಗೆ ಹೋಗಿ ಸೇರಿದ್ದಾನೆ. ಅದಕ್ಕೇ ಈ ಪತ್ರ.

ತಮ್ಮ ದಕ್ಷತೆಯನ್ನು ನಾನು ಅಲ್ಲಗಳೆಯುವುದಿಲ್ಲ. ಎಂಬತ್ತನೇ ಇಸವಿಯ ಸೂರ್ಯಗ್ರಹಣದ ದಿನ ಪ್ರಳಯವೆಂದು ಅಯ್ಯ ಸಾರಿದಾಗ ತಾವು ಜೀಪಿನಲ್ಲಿ ಬಂದಿರಿ. ಅವನನ್ನು ನಂಬಿದವರ ಮನೆಗಳನ್ನು ಶೋಧಿಸಿ ಮಚ್ಚುಗಳನ್ನು ವಶಪಡಿಸಿಕೊಂಡಿರಿ. ತೆಂಗಿನ ಸೀಮೆಯಲ್ಲಿ ಮಚ್ಚಿಲ್ಲದ ಮನೆ ಎಲ್ಲಿದೆ ಸ್ವಾಮಿ? ಎಳನೀರು ಕೆತ್ತುವ ಮಚ್ಚಿನಲ್ಲಿ ತಮಗೆ ದಂಗೆ ಕಾಣಿಸಿತು. ಅದೇ ಮನೆಗಳಲ್ಲಿ ಒಮ್ಮೆ ತಲೆಯೆತ್ತಿದ್ದರೆ ಬರಿದಾದ ಅಟ್ಟವೂ ಕಾಣಿಸುತ್ತಿತ್ತು.

ತಾವು ಹೊರಗಿನವರು, ಬಿಡಿಸಿ ಹೇಳುತ್ತೇನೆ. ನಮ್ಮಲ್ಲಿ ಕೊಬ್ಬರಿಗೆಂದು ತೆಂಗಿನಕಾಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿದರೆ ಹೆಚ್ಚುಕಡಿಮೆ ಒಂದು ವರ್ಷ ಅದನ್ನು ಮುಟ್ಟುವುದಿಲ್ಲ. ಒಳಗಿನ ನೀರು ಇಂಗಿ, ಅಲುಗಾಡಿಸಿದರೆ ಲೊಡಲೊಡ ಎನ್ನಬೇಕು. ಮಗಳ ಮದುವೆ, ಮಗನ ಓದು ಎಲ್ಲಕ್ಕೂ ಆ ಅಟ್ಟವೇ ಧೈರ್ಯ. ಎಂಥ ಕಷ್ಟದಲ್ಲೂ ಅದನ್ನು ಹಸಿಯಾಗಿ ಇಳಿಸುವವರಿಲ್ಲ. ಆ ವರ್ಷ ನನ್ನ ತಂಗಿ ಇಳಿಸಿ ಕಂಡಕಂಡವರಿಗೆ ಹಂಚುತ್ತಿದ್ದಳು.

"ಏನೇ ಹನುಮಿ, ಮುಂದಿನ್ ವರ್ಷಕ್ಕೆ ಕೊಬ್ರಿ ಬ್ಯಾಡ್ವೇನೇ?" ಎಂದೆ.

"ಯಾವ್ ಮುಂದಿನ್ ವರ್ಷ ಅಕ್ಕ? ಬುಡು" ಎಂದು ನಕ್ಕಳು.

ಇದನ್ನೇ ತಮಗೆ ಹೇಳಿದೆ. "ಸಾರ್, ಅಟ್ಟ ನೋಡಿ" ಎಂದು ಅಂಗಲಾಚಿದೆ. "ನೋಡಮ್ಮ, ಬಂದೂಕಿಲ್ಲ, ಬಾಂಬಿಲ್ಲ, ಕೂತ್ಕೊಂಡು ಭಜನೆ ಮಾಡ್ತಾರೆ. ಗೌರ್ಮೆಂಟಿಗೆ ಏನಮ್ಮ ಅಪಾಯ?" ಎಂದಿರಿ. ನಿಜ, ಗೌರ್ಮೆಂಟಿಗೆ ಏನೂ ಆಗಲಿಲ್ಲ.

ಗ್ರಹಣ ಹಿಡಿಯಿತು, ಬಿಟ್ಟಿತು. ಬಂದೋಬಸ್ತಿಗೆ ಬಂದವರು ಕಾಫಿ ಕುಡಿದು ವ್ಯಾನು ಹತ್ತಿದರು. ಮಚ್ಚುಗಳನ್ನು ಮರ್ಯಾದೆಯಿಂದ ಹಿಂದಿರುಗಿಸಿದಿರಿ. ಆದರೆ ಮಾರನೆಯ ಬೆಳಿಗ್ಗೆ ಅವರ ಪಾಡೇನೆಂದು ಯಾರಾದರೂ ಯೋಚಿಸಿದಿರಾ? ಹಸು ಮಾರಿದ್ದರು, ಅಟ್ಟ ಬರಿದು ಮಾಡಿದ್ದರು. "ಏನ್ರಪ್ಪಾ, ಬರ್ಲಿಲ್ವಾ ಪ್ರಳಯ?" ಎಂದು ಊರು ನಗುತ್ತಿತ್ತು. ಯಾವ ಮುಖ ಹೊತ್ತು ಮನೆಗೆ ಹೋಗಬೇಕಿತ್ತು ಅವರು? ಅಯ್ಯನಿಗೂ ಅದು ಗೊತ್ತಿತ್ತು. "ನಿಮ್ಮಲ್ಲಿ ಯಾರೋ ಅನುಮಾನ ಪಟ್ಟಿದ್ದಕ್ಕೆ ಪ್ರಳಯ ಮುಂದಕ್ಕೆ ಹೋಯಿತು, ಅನ್ನ ನೀರು ಬಿಟ್ಟು ಪ್ರಾಯಶ್ಚಿತ್ತ ಮಾಡಿಕೊಳ್ಳಿ" ಎಂದು ತನ್ನವರಿಗೆ ಹೇಳಿದ. ಎಲ್ಲರೂ ಷೆಡ್ಡಿನ ಬಾಗಿಲು ಹಾಕಿಕೊಂಡರು. ನಾನು ತುಮಕೂರಿಗೆ ಓಡಿಬಂದು ತಮ್ಮೆದುರು ಕೈಮುಗಿದೆ. "ಗ್ರಹಣ ಮುಗೀತಲ್ಲಮ್ಮ, ಇನ್ನೇನು?" ಎಂದಿರಿ.

ಕೊನೆಗೆ ನೆಂಟರೇ ಸೇರಿ ಬಾಗಿಲು ಒಡೆದೆವು. ಎತ್ತಿನ ಗಾಡಿಯಲ್ಲಿ ಗುಬ್ಬಿ ಆಸ್ಪತ್ರೆಗೆ ಸಾಗಿಸುವಾಗ ತಂಗಿಯ ತಲೆ ನನ್ನ ತೊಡೆಯ ಮೇಲಿತ್ತು.

"ಲೋಕ ಮುಗೀತಾ ಅಕ್ಕ?"

"ಇಲ್ಲ ಕಣೇ, ಎಲ್ರೂ ಇದೀವಿ."

"ಹಂಗಾದ್ರೆ ಅನುಮಾನ ಪಟ್ಟೋಳು ನಾನೇ. ಒಂದ್ ಕಾಯಿ ಅಟ್ಟದ್ ಮ್ಯಾಲೇ ಬುಟ್ಟಿದ್ದೆ, ಮಗೀಗೆ ಅಂತ."

ಗುಬ್ಬಿ ಮುಟ್ಟುವ ಮೊದಲೇ ಅವಳು ಹೋಗಿಬಿಟ್ಟಳು. ಮಗಳಿಗೆಂದು ಒಂದು ಕಾಯಿ ಉಳಿಸಿದ್ದು ಪಾಪವೆಂದು ನಂಬಿಕೊಂಡೇ ಹೋದಳು.

ಈ ಮಾರ್ಚಿನಲ್ಲಿ ಗ್ರಹಗಳೆಲ್ಲ ಸಾಲುಗಟ್ಟಿ ಲೋಕ ಮುಗಿಯುತ್ತದಂತೆ. ಕುಣಿಗಲ್ ಕಡೆ ಅಟ್ಟಗಳು ಆಗಲೇ ಬರಿದಾಗುತ್ತಿವೆ, ನಾನೇ ನೋಡಿ ಬಂದೆ. ಅಂಜಿನಪ್ಪ ನನಗೆ ಮಗುವಿನ ಮುಖವನ್ನೂ ತೋರಿಸಲಿಲ್ಲ. ಆದ್ದರಿಂದ ನನ್ನ ಬೇಡಿಕೆ ಇಷ್ಟೇ: ಪ್ರಳಯದ ದಿನ ತಾವು ಬಾರದಿದ್ದರೂ ಚಿಂತೆಯಿಲ್ಲ, ಅವತ್ತು ಏನೂ ಆಗುವುದಿಲ್ಲ. ಮಾರನೆಯ ದಿನ ಬನ್ನಿ. ಬಾಗಿಲು ತೆಗೆಸಿ. ಸಿದ್ದಲಕ್ಷ್ಮಿಯನ್ನು ನನ್ನ ಕೈಗೆ ಕೊಡಿಸಿ. ಅವಳ ಅಮ್ಮ ಬಿಟ್ಟುಹೋದ ಕಾಯಿ ನನ್ನ ಹತ್ತಿರ ಇದೆ, ಅದನ್ನು ಅವಳಿಗೆ ಕೊಡಬೇಕು.

ಇಂತಿ,
ಅಪಾಯವೇ ಇಲ್ಲದೆ ಸತ್ತವಳ ಅಕ್ಕ,
ರಂಗಲಕ್ಷ್ಮಮ್ಮ
ಮರಳೂರು, ತುಮಕೂರು
ಫೆಬ್ರವರಿ ೧೯೮೨