ಹನ್ನೆರಡಕ್ಕೆ ಹತ್ತು ನಿಮಿಷವಿದ್ದಾಗ

ಎಂಜಿನಿಯರ್ ಸಾಹೇಬರಿಗೆ ಬೆಟ್ಟದ ಮೇಲಿನ ಅಣೆಕಟ್ಟಿನಿಂದ ಸೈರನ್ ಆಪರೇಟರನ ನಮಸ್ಕಾರ.

ಇಲ್ಲಿ ರಸ್ತೆ ಕೊಚ್ಚಿಹೋಗಿದೆ, ಫೋನು ಸತ್ತಿದೆ. ರಕ್ಷಣೆಗೆ ಬಂದು ಕೆಳಗಿಳಿಯುತ್ತಿರುವ ಸೈನಿಕರ ಕೈಲಿ ಈ ಪತ್ರ ಕೊಡುತ್ತಿದ್ದೇನೆ. ಲಾಡ್ಜುಗಳ ಪ್ರವಾಸಿಗರೆಲ್ಲ ಶಾಲೆಯ ಮಹಡಿಯಲ್ಲಿದ್ದಾರೆ. ಸೈರನ್ನಿನ ಜನರೇಟರಿಗೆ ಡೀಸೆಲ್ ಬೇಕು.

ಇನ್ನೊಂದು ವಿಷಯ. ದಿನಾ ಮಧ್ಯಾಹ್ನ ಹನ್ನೆರಡಕ್ಕೆ ಸೈರನ್ ಪರೀಕ್ಷಿಸಬೇಕೆಂಬುದು ನಿಮ್ಮದೇ ಆದೇಶ. ಅದು ಕೂಗಿದ ಕೂಡಲೇ ನನ್ನ ಹೆಂಡತಿ ಊಟದ ಕ್ಯಾರಿಯರ್ ಹಿಡಿದು ಸೇತುವೆ ದಾಟಿ ಬರುತ್ತಿದ್ದಳು. “ಊರಿಗೆಲ್ಲ ಅದು ಸೈರನ್, ನನಗೆ ನಿಮ್ಮ ಹೊಟ್ಟೆ ಕೂಗಿದ ಹಾಗೆ ಕೇಳ್ಸುತ್ತೆ ಕಣ್ರೀ” ಎನ್ನುತ್ತಿದ್ದಳು.

ಮೊನ್ನೆ ನೀರು ನುಗ್ಗಿದಾಗ ಹನ್ನೆರಡಕ್ಕೆ ಇನ್ನೂ ಹತ್ತು ನಿಮಿಷವಿತ್ತು. ಜನರನ್ನು ಎಚ್ಚರಿಸಲು ಸೈರನ್ ಒತ್ತಿದೆ. ಹೊರಗಿದ್ದವರು ನೀರು ಕಂಡು ಗುಡ್ಡ ಹತ್ತಿದರು. ಅಡುಗೆಮನೆಯಲ್ಲಿದ್ದ ನನ್ನವಳು “ಅಯ್ಯೋ, ಹನ್ನೆರಡಾಗೇ ಹೋಯ್ತು, ಇವತ್ತು ತಡವಾಯ್ತು” ಎನ್ನುತ್ತ ಕ್ಯಾರಿಯರ್ ಹಿಡಿದು ಓಡಿದ್ದನ್ನು ಪಕ್ಕದ ಮನೆಯವರು ನೋಡಿದ್ದಾರೆ. ಸೇತುವೆ ಈಗಿಲ್ಲ.

ನಿಮ್ಮ ಕಡೆಯ ಶಿಬಿರಗಳಲ್ಲಿ ವಿಚಾರಿಸಿ ಸಾರ್. ನೀಲಿ ಸ್ವೆಟರ್, ಹಿಡಿ ಸೊಟ್ಟಗಾದ ಮೂರು ಡಬ್ಬಿಯ ಕ್ಯಾರಿಯರ್. ಏನೇ ಆದರೂ ಅದನ್ನವಳು ಕೈಬಿಡುವುದಿಲ್ಲ.

ನೀರು ಮತ್ತೆ ಏರುತ್ತಿದೆ. ಸೈರನ್ ಒತ್ತಲೇಬೇಕು, ಕೈಯೇ ಏಳುತ್ತಿಲ್ಲ. ಅವಳೆಲ್ಲೋ ಬದುಕಿದ್ದರೆ, ಅದನ್ನು ಕೇಳಿ ಮತ್ತೆ ಹೊರಟುಬಿಡುತ್ತಾಳೆ.

ನಿಮ್ಮ ವಿಧೇಯ,
ಸೈರನ್ ಆಪರೇಟರ್