ಫೋಟೋದ ಹಿಂಬದಿ

ಮಾವಳ್ಳಿ
೧೪ ಆಗಸ್ಟ್ ೨೦೨೫

ಪ್ರೀತಿಯ ವಿನುತಕ್ಕಾ,

ನಿನ್ನ ಫಾರ್ಮು ತಲುಪಿ ಇಪ್ಪತ್ತು ದಿನವಾಯಿತು. ಕೆಲಸವಿತ್ತು ಎಂದರೆ ಸುಳ್ಳಾಗುತ್ತದೆ. ಅಜ್ಜಿಯ ಪರವಾಗಿ ಸಹಿ ಹಾಕಲು ನನಗೆ ಮನಸ್ಸು ಬರಲಿಲ್ಲ. ಫೋನಿನಲ್ಲಿ ಹೇಳಿದರೆ ನೀನು ಮಧ್ಯದಲ್ಲೇ ಬಯ್ಯುತ್ತೀಯೆಂದು ಕಾಗದ ಬರೆಯುತ್ತಿದ್ದೇನೆ.

ಯುದ್ಧಕಾಲದ ಫೋಟೋಗಳ ಪುಸ್ತಕದಲ್ಲಿ ಅಜ್ಜಿಯ ಪೆಟ್ಟಿಗೆಯ ಫೋಟೋ ಬರುತ್ತದೆಂದು ನೀನು ಎಲ್ಲರಿಗೂ ಹೇಳಿಬಿಟ್ಟಿದ್ದೀಯ. ಫಾರ್ಮಿನಲ್ಲಿ ಮೊದಲ ಪ್ರಶ್ನೆಯೇ ಹಕ್ಕುಸ್ವಾಮ್ಯ ಯಾರದು ಎಂದು. ಫೋಟೋದಡಿ ಕುಮಟಾದ ಸ್ಟುಡಿಯೋದ ಮುದ್ರೆ ಇದೆಯಲ್ಲ, ಹುಡುಕಿಕೊಂಡು ಹೋದೆ. ಅಲ್ಲೀಗ ಮೊಬೈಲ್ ಅಂಗಡಿ. ವಾಪಸು ಬರುವಾಗ ಹೊನ್ನಾವರದಲ್ಲಿಳಿದು ಕಮಲಾಕರ ವಕೀಲರನ್ನು ಕೇಳಿದೆ. "ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟವ್ಳಿಗೆ ಕಾನೂನು ಎಂತಕ್ಕೆ ಮಾರಾಯ್ತಿ?" ಎಂದು ನಕ್ಕರು. ಆಮೇಲೆ, "ನಲವತ್ಮೂರನೇ ಇಸವಿದಾ? ಅದ್ರ ಹಕ್ಕು ಯಾವಾಗ್ಲೋ ಮುಗ್ದೋಯ್ತು. ಈಗ ಅದು ಎಲ್ಲರದ್ದೂ" ಎಂದರು.

ಮನೆಗೆ ಬಂದು ಇದನ್ನು ಹೇಳಿದ್ದಕ್ಕೆ ಅಜ್ಜಿ ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿದಳು. "ಎಲ್ಲರದ್ದೂ ಆಗ್ಲಿ. ನಮ್ದಂತೂ ಮೊದ್ಲಿಂದ್ಲೂ ಅಲ್ಲ."

ಅಕ್ಕಾ, ಆ ಫೋಟೋದಲ್ಲಿ ಕೂಸನ್ನು ಮಡಿಲಲ್ಲಿಟ್ಟುಕೊಂಡವಳು ನಮ್ಮ ಮುತ್ತಜ್ಜಿಯಲ್ಲ, ಪಕ್ಕದ ಮನೆಯ ತಿಮ್ಮಿ. ನಾವು ತಪ್ಪು ತಿಳಿದೆವು, ಅಜ್ಜಿ ತಿದ್ದಲಿಲ್ಲ. ತಿಮ್ಮಿಯ ಗಂಡ ದುರ್ಗಪ್ಪ ಬರ್ಮಾ ಗಡಿಯಲ್ಲಿ ಸಿಪಾಯಿ. ತಾನು ಹೋದ ಮೇಲೆ ಹುಟ್ಟಿದ ಮಗಳ ಫೋಟೋ ಕಳಿಸಿ ಎಂದು ಬರೆದಿದ್ದ. ಆ ಕಾಗದ ಬರುವಷ್ಟರಲ್ಲಿ ಮಗು ಜ್ವರದಲ್ಲಿ ಹೋಗಿತ್ತು. "ಯುದ್ಧದಲ್ಲಿದ್ದವ್ನಿಗೆ ಹ್ಯಾಂಗೆ ಹೇಳೂದು?" ಎಂದು ಹಿರಿಯರು ಐದು ತಿಂಗಳ ಕೂಸಾಗಿದ್ದ ನಮ್ಮ ಅಜ್ಜಿಯನ್ನು ತಿಮ್ಮಿಯ ಮಡಿಲಲ್ಲಿ ಕೂರಿಸಿ ಫೋಟೋ ತೆಗೆಸಿ ಅವನಿಗೆ ಕಳಿಸಿದರು. ದುರ್ಗಪ್ಪ ಬರಲಿಲ್ಲ, ಅವನ ಸಾಮಾನಿನೊಂದಿಗೆ ಫೋಟೋ ಬಂತು. ಸಾಯುವ ಮುಂಚೆ ತಿಮ್ಮಿ ಅದನ್ನು ಅಜ್ಜಿಯ ಕೈಗಿಟ್ಟಳು.

ಸೈನಿಕನೊಂದಿಗೆ ಸಂಬಂಧ ಎಂಬಲ್ಲಿ ನೀನು "ಮುತ್ತಜ್ಜ" ಎಂದು ಬರೆದಿದ್ದೆ. ಅದನ್ನು ಹೊಡೆದುಹಾಕಿ "ನೆರೆಮನೆಯವರು" ಎಂದು ಬರೆದು ಸಹಿ ಹಾಕಿದ್ದೇನೆ. ಪುಸ್ತಕದವರು ಬೇಡವೆಂದರೆ ಬೇಡ.

ಸಿಟ್ಟು ಇಳಿದ ಮೇಲೆ ಊರಿಗೆ ಬಾ. ಅಜ್ಜಿ ನಿನಗೆ ಒಳ್ಳೆಯದಾಗಲಿ ಎಂದಿದ್ದಾಳೆ. ಬಂಗಡೆ ಸಾರು ಮಾಡಿ ಹಾಕುತ್ತಾಳಂತೆ.

ನಿನ್ನ ತಂಗಿ,
ಅಂಕಿತಾ

ತಾ.ಕ.: ಎದುರು ಬದಿಯನ್ನಷ್ಟೇ ಸ್ಕ್ಯಾನ್ ಮಾಡಿಸಿದ್ದೇನೆ. ಹಿಂದೆ ದುರ್ಗಪ್ಪ ಪೆನ್ಸಿಲಿನಲ್ಲಿ ಬರೆದಿದ್ದಾನೆ: "ಮೂಗು ನನ್ನದೇ." ಅದನ್ನು ಯಾರಿಂದಲೋ ಓದಿಸಿ ಕೇಳಿದ ದಿನದಿಂದ ತಿಮ್ಮಿ ನಮ್ಮ ಅಜ್ಜಿಯನ್ನು ಒಮ್ಮೆಯೂ ಮಡಿಲಿಗೆ ಕರೆಯಲಿಲ್ಲವಂತೆ. ಅಜ್ಜಿ ಮೂಗು ಮುಟ್ಟಿಕೊಂಡು ಅಂದಳು: "ಎದ್ರು ಬದಿ ಎಲ್ಲರದ್ದೂ ಆತು. ಹಿಂಬದಿ ನಂಗಿರ್ಲಿ."